ಸುಣ್ಣದ ಗೆರೆ ಮತ್ತು ನನ್ನ ಕ್ಯಾಮೆರಾ

ಆಟದ ಬಯಲಿನಲ್ಲಿ ಮಕ್ಕಳ ಫೋಟೋ ತೆಗೆಯಲು ಹೋದವನಿಗೆ ಫಜೀತಿ ತಪ್ಪಿದ್ದಲ್ಲ. ಎಪ್ಪತ್ತರ ದಶಕದ ಕೊನೆಗೆ ಸವಣೂರಿನಲ್ಲಿ ಸ್ಟುಡಿಯೋ ಇಟ್ಟಾಗಿನಿಂದ ನಾನು ತಾಲೂಕು ತಾಲೂಕಿಗೆ ಹೋಗಿ ಫಜೀತಿ ಪಟ್ಟಿದ್ದೇನೆ. ಅದರಲ್ಲಿ ಮುಕ್ಕಾಲು ಪಾಲು ಒಬ್ಬಳೇ ಹುಡುಗಿಯಿಂದ ಆದದ್ದು.

೧. ಹನ್ನೆರಡು ಫೋಟೋ

ಹಾನಗಲ್ಲಿನಲ್ಲಿ ಶಾಲೆಗಳ ಖೋ ಖೋ ಪಂದ್ಯ. ನನ್ನನ್ನು ಕರೆಸಿದವರು ಒಂದು ಹಳ್ಳಿ ಶಾಲೆಯ ಟೀಚರು. ಮಕ್ಕಳು ಅವರನ್ನು ಅಕ್ಕೋರು ಎನ್ನುತ್ತಿದ್ದರು. ಅವರ ದನಿ ಕೇಳಿದ ಮೇಲೆ ನಾನೂ ಅಕ್ಕೋರು ಎಂದೇ ಕರೆದೆ. ಏಳನೆಯ ಇಯತ್ತೆಯ ಒಬ್ಬ ಹುಡುಗಿಯನ್ನು ತೋರಿಸಿ ಅವರು ಹೇಳಿದರು:

"ಇಕಿದೂ ತಗೀರಿ. ಆದರ ಆ ಫೋಟೋ ಮಂದಿ ಕಣ್ಣಿಗೆ ಬೀಳಬಾರದ್ರಿ. ಅಕ್ಕಿಆಲೂರಾಗ ಇಕಿ ಸೋದರತ್ತಿ ಅದಾಳ. ಹೆಣ್ಣಹುಡುಗಿ ಬಯಲಾಗ ಓಡೂದು ಅಕಿಗೆ ಸೇರೂದಿಲ್ಲ. ಇವರಪ್ಪ ಅಕ್ಕನ ಮಾತು ಮೀರೂದಿಲ್ಲ, ಅಕಿಗೆ ಗೊತ್ತಾಗದಂಗ ಇಕಿನ್ನ ಕಳಸ್ತಾನ. ಗೊತ್ತಾತಂದ್ರ ಇಕಿ ಆಟ ಅವತ್ತ ಮುಗೀತು."

ಒಂದು ರೋಲಿಗೆ ಹನ್ನೆರಡೇ ಫೋಟೋ. ಹುಡುಗಿ ಎದ್ದು ಓಡಿದಳು. ನಾನು ಮದುವೆ ಮನೆಗಳಲ್ಲಿ ಪಳಗಿದ ಕೈ, ಹನ್ನೆರಡನ್ನೂ ಅವಳ ಮೇಲೆಯೇ ಕಳೆದೆ. ರೋಲು ತೊಳೆದು ನೋಡಿದರೆ ಐದರಲ್ಲಿ ಧೂಳು, ನಾಲ್ಕರಲ್ಲಿ ಕಂಬ, ಎರಡರಲ್ಲಿ ಆಕಾಶ. ಹನ್ನೆರಡನೆಯದರಲ್ಲಿ ನೆಲ ಬಿಟ್ಟು ಮೇಲೆದ್ದ ಒಂದು ಬರಿಗಾಲು, ಅದರ ಹೆಬ್ಬೆರಳಿಗೆ ಸುತ್ತಿದ ಬಟ್ಟೆ. ಮನುಷ್ಯರ ಮಗು ಇಷ್ಟು ಜೋರಾಗಿ ಓಡಬಲ್ಲದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬೆರಗಾಗಿ ಆ ಕಾಲನ್ನೇ ಎಷ್ಟೋ ಹೊತ್ತು ನೋಡಿದೆ.

ಅಕ್ಕೋರೂ ನೋಡಿದರು. "ಛಲೋ ಆತು ಬಿಡ್ರಿ," ಎಂದರು, "ಇದನ್ನ ಅವರತ್ತಿ ನೋಡಿದರೂ ಗುರುತು ಹಿಡಿಯೂದಿಲ್ಲ."

೨. ರೆಡಿ

ಮುಂದಿನದು ಶಿಗ್ಗಾಂವಿಯಲ್ಲಿ, ನೂರು ಮೀಟರ್ ಓಟ. ಈ ಸಲ ಕಾಲಿನ ಮೇಲಿನ ಭಾಗವೂ ಬರಬೇಕೆಂದು ನಾನು ಓಟದ ದಾರಿಯ ನಡುವೆಯೇ ಹೋಗಿ ನಿಂತೆ. ಮಕ್ಕಳು ಹತ್ತಿರ ಬಂದರು. ಸ್ಟುಡಿಯೋದ ಚಾಳಿ ಎಲ್ಲಿ ಬಿಡುತ್ತದೆ? ಬಾಯಿಂದ ತಾನಾಗಿ ಬಂತು: "ಅಲುಗಾಡಬ್ಯಾಡ್ರಿ, ರೆಡಿ."

ಏಳು ಮಕ್ಕಳು ಅಲ್ಲೇ ನಿಂತರು. ಕೈ ತೊಡೆಗೆ ಹಚ್ಚಿ, ಗದ್ದ ಎತ್ತಿ, ರೆಪ್ಪೆ ಬಡಿಯದೆ. ಫೋಟೋ ಎಂದರೆ ಹಾಗೆಯೇ ನಿಲ್ಲಬೇಕೆಂದು ಮನೆಯಲ್ಲಿ ಕಲಿಸಿದ್ದರಲ್ಲ. ಎಂಟನೆಯವಳು ನಮ್ಮ ಹುಡುಗಿ. ಅವಳೊಬ್ಬಳು ನಿಲ್ಲಲಿಲ್ಲ. ಎದುರಿಗೆ ನಾನಿದ್ದೆ. ಅಕ್ಕೋರು ನನ್ನ ಅಂಗಿ ಹಿಡಿದು ಎಳೆಯದಿದ್ದರೆ ಅವಳ ಹಲ್ಲು, ನನ್ನ ಕ್ಯಾಮೆರಾ ಎರಡೂ ಉಳಿಯುತ್ತಿರಲಿಲ್ಲ.

ಓಟವನ್ನು ಮತ್ತೆ ಓಡಿಸಿದರು. ಅದಕ್ಕೂ ಮೊದಲು ಅಕ್ಕೋರು ಸುಣ್ಣದ ಡಬ್ಬಿ ತಂದು ಬಯಲಿನ ಅಂಚಿನಲ್ಲಿ ನನ್ನ ಸುತ್ತ ಒಂದು ಚೌಕ ಬರೆದರು. "ಇದು ನಿಮ್ಮ ಮನಿ. ಕೇಳದೆ ಗೆರಿ ದಾಟಬ್ಯಾಡ್ರಿ." ಮಕ್ಕಳಿಗೆ ಅದೇ ಹೊಸ ಆಟವಾಯಿತು. ನನ್ನ ಚಪ್ಪಲಿಯ ತುದಿ ಸುಣ್ಣಕ್ಕೆ ತಾಗಿದರೆ ಸಾಕು, ನಾಲ್ಕೂ ಕಡೆಯಿಂದ "ಫೋಟೋ ಕಾಕಾ ಔಟ್" ಎಂದು ಕೂಗುತ್ತಿದ್ದರು. ಆ ದಿನ ಶಿಗ್ಗಾಂವಿಯಲ್ಲಿ ನನ್ನಷ್ಟು ಸಲ ಔಟಾದವರು ಯಾರೂ ಇಲ್ಲ.

೩. ಗುರುತು

ಅಕ್ಕೋರ ಇನ್ನೊಂದು ಕಟ್ಟಳೆ: ಮಕ್ಕಳ ಫೋಟೋ ಮನೆಯವರ ಕೈಗೇ ಕೊಡಬೇಕು. ಒಮ್ಮೆ ಯಾರೋ ಒಬ್ಬ ಬಂದು "ನಾ ಆ ಹುಡುಗಿ ಮಾವ" ಎಂದ. ಅವಳು ಎಷ್ಟನೆಯ ಇಯತ್ತೆ ಎಂದು ಕೇಳಿದೆ. ತಲೆ ಕೆರೆದುಕೊಂಡು ಹೋದವನು ಮತ್ತೆ ಬರಲಿಲ್ಲ. ಅಂದಿನಿಂದ ನನಗೆ ಪೊಲೀಸನ ಗತ್ತು ಬಂದಿತ್ತು.

ಮರುವಾರ ಧೋತರ ಉಟ್ಟ ರೈತನೊಬ್ಬ ಬಂದ. "ನನ್ನ ಮಗಳದೊಂದು ಫೋಟೋ ಐತೆಂತಲ್ರಿ."

"ನಿಮ್ಮ ಮಗಳು ಅನ್ನಾಕ ಗುರುತೇನು?"

ಮೇಜಿನ ಮೇಲಿದ್ದ ಕಾಲಿನ ಫೋಟೋ ನೋಡಿದ. ಧೋತರದ ಚುಂಗು ಎತ್ತಿ ತೋರಿಸಿದ. ಜೋಡಿ ಗೆರೆಯ ಅಂಚಿನಲ್ಲಿ ಒಂದು ಗೇಣು ಹರಿದು ತೆಗೆದಿತ್ತು. ಹುಡುಗಿಯ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆಗೂ ಅದೇ ಅಂಚು. ನನ್ನ ಗತ್ತೆಲ್ಲ ಇಳಿಯಿತು, ಫೋಟೋ ಅವನ ಕೈಗೆ ಕೊಟ್ಟೆ.

ಅವನು ಫೋಟೋವನ್ನು ಕಣ್ಣಿಗೆ ಒತ್ತಿಕೊಂಡು ಕೇಳಿದ: "ಇನ್ನೊಂದ ಕಾಲಿಂದು ಯಾವಾಗ ಸಿಗ್ತೈತ್ರಿ?"

೪. ಮಾಲೆ

ಹಿರೇಕೆರೂರಿನ ಜಿಲ್ಲಾ ಪಂದ್ಯದಲ್ಲಿ ಹುಡುಗಿ ಗೆದ್ದಳು. ಕೊರಳಿಗೆ ಸೇವಂತಿಗೆ ಮಾಲೆ ಹಾಕಿದರು. ಅವಳು ನಿಂತಲ್ಲಿ ನಿಂತು ನಕ್ಕಳು, ನನಗೆ ಕೊನೆಗೂ ಇಡೀ ಹುಡುಗಿ ಸಿಕ್ಕಳು. ಆ ಮುಖದ ಬೆಳಕನ್ನು ಫೋಟೋ ತೊಳೆಯುವ ತೊಟ್ಟಿಯ ನೀರಿನಲ್ಲಿ ಕಂಡಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಟ, ಅತ್ತೆ, ಅಕ್ಕೋರ ಮಾತು ಎಲ್ಲ ಮರೆತೆ. ಯಾರನ್ನೂ ಕೇಳದೆ ಮುಖವನ್ನಷ್ಟೇ ದೊಡ್ಡದು ಮಾಡಿ, ಕಟ್ಟು ಹಾಕಿಸಿ, ಸ್ಟುಡಿಯೋದ ಬೀದಿ ಕಡೆಯ ಗಾಜಿನ ಕಪಾಟಿನಲ್ಲಿ ತೂಗುಹಾಕಿದೆ. ಗೆದ್ದವಳಲ್ಲವೇ ಎಂದು ಕಟ್ಟಿನ ಮೇಲೊಂದು ಹೂಮಾಲೆಯನ್ನೂ ಇಳಿಬಿಟ್ಟೆ.

ಕಟ್ಟು ಹಾಕಿದ ಫೋಟೋಕ್ಕೆ ಮಾಲೆ ಬಿದ್ದರೆ ಏನರ್ಥ ಎಂದು ನಮ್ಮ ಕಡೆ ಕೂಸಿಗೂ ಗೊತ್ತು. ನನಗೆ ಹೊಳೆಯಲಿಲ್ಲ.

ಅದೇ ವಾರ ಕರಿದ ಖಾರ ತಿಂಡಿ ಕೊಳ್ಳಲು ಸವಣೂರಿಗೆ ಬಂದವಳು ಆ ಸೋದರತ್ತೆ. ಗಾಜಿನೊಳಗೆ ನೋಡಿದಳು. ಖಾರದ ಚೀಲ ಅಲ್ಲೇ ಬಿಟ್ಟು ತಮ್ಮನ ಊರಿನ ಬಸ್ಸು ಹತ್ತಿದಳು. ಇಳಿದಲ್ಲಿಂದಲೇ ಮುಖಕ್ಕೆ ಸೆರಗು ಹಾಕಿ, ಸತ್ತವರ ಗುಣ ಹೇಳಿ ಹಾಡಿಕೊಂಡು ಅಳುತ್ತ ಮನೆಯತ್ತ ನಡೆದಳು. ಊರೇ ಹಿಂದೆ ಬಂತು.

"ಚಿಗರಿ ಹಂಗ ಓಡ್ತಿದ್ದೆಲ್ಲ ನನ್ನವ್ವಾ, ನೀ ಆಡೂದು ನನಗ ಗೊತ್ತಿತ್ತವ್ವಾ, ಗೊತ್ತಿಲ್ಲದಂಗ ಇದ್ದೆನವ್ವಾ, ಹಾನಗಲ್ಲಿಗೆ ಬಂದು ಗ್ವಾಡಿ ಮರಿಗೆ ನಿಂತು ನೋಡಿದೆನವ್ವಾ, ನಮ್ಮ ವಂಶದಾಗ ಹಂಗ ಓಡಿದವರಿಲ್ಲವ್ವಾ..."

ಬಾಗಿಲಲ್ಲಿ ಕುಸಿದು ಕುಳಿತವಳ ಮುಂದೆ ಯಾರೋ ತಂಬಿಗೆ ನೀರು ಹಿಡಿದರು. "ಅತ್ತಿ, ಯಾರು ಸತ್ತಾರ?" ಎಂದು ಕೇಳಿದವಳು ಆ ಹುಡುಗಿಯೇ.

ಮರುದಿನ ಅಪ್ಪ, ಅತ್ತೆ, ಹುಡುಗಿ ಮೂವರೂ ನನ್ನ ಸ್ಟುಡಿಯೋ ಮುಂದೆ ಇಳಿದರು. ಅವಳ ಆಟ ನನ್ನಿಂದ ಹೋಯಿತು ಎಂದುಕೊಂಡೆ. ಮಾಲೆ, ಫೋಟೋ ಎರಡನ್ನೂ ಇಳಿಸಿ ಅತ್ತೆಯ ಕೈಗೆ ಕೊಟ್ಟು, ತಪ್ಪಾಯಿತು ಎಂದೆ. ಅವಳು ನನ್ನತ್ತ ನೋಡಲೂ ಇಲ್ಲ. ಅಪ್ಪ ತಗ್ಗಿದ ದನಿಯಲ್ಲಿ ಹೇಳಿದ: "ಊರ ಮಂದಿ ಮುಂದ ಹಾಡಿ ಹೊಗಳ್ಯಾಳ್ರಿ. ಇನ್ನ ಬ್ಯಾಡ ಅನ್ನಾಕ ಅಕ್ಕಗ ಬಾಯಿಲ್ಲ. ಬೆಳಗಾವಿ ಪಂದ್ಯಕ್ಕ ತಾನೂ ಬರ್ತಾಳಂತ."

ಹುಡುಗಿ ಹೊಸ್ತಿಲ ಆಚೆ ನಿಂತಿದ್ದಳು. ಇಷ್ಟು ದಿನದಲ್ಲಿ ನನ್ನೊಂದಿಗೆ ಒಂದು ಮಾತೂ ಆಡಿದವಳಲ್ಲ. ಬರಿದಾದ ಕಪಾಟನ್ನು ನೋಡಿದಳು, ನನ್ನನ್ನು ನೋಡಿದಳು, ಮೆಲ್ಲಗೆ ಹೇಳಿದಳು:

"ಫೋಟೋ ಕಾಕಾ, ಔಟ್."