ಉಂಡಿಯೊಳಗಿನ ಬೆಳ್ಳಿ ಅಡಿಕೆ

ಅನಂತರಾಯರ ಮನಸ್ಸಿಗೆ ಆದ ಗಾಯ ಸಣ್ಣದಲ್ಲ. ಮಾಡಿದವರು ಹೊರಗಿನವರೂ ಅಲ್ಲ, ಧರ್ಮಪತ್ನಿ ಇಂದೂಬಾಯಿ. ಬಿಸಿಲಿನಲ್ಲಿ ಗುಬ್ಬಿಗಳು ನೀರಿಲ್ಲದೆ ಸಾಯಬಾರದೆಂದು ರಾಯರು ಇಂಡಿ ಪಟ್ಟಣದ ತಮ್ಮ ಮನೆಯ ಕಂಪೌಂಡಿನ ಮೇಲೆ ಒಂದು ಮಣ್ಣಿನ ಬಟ್ಟಲು ಇಟ್ಟಿದ್ದರು. ಪಕ್ಕದಲ್ಲಿ ‘ಪಕ್ಷಿಗಳಿಗೆ ನೀರು. ಸೇವೆ: ಅನಂತರಾವ್, ನಿವೃತ್ತ ಶಿಕ್ಷಕರು’ ಎಂದು ಚಿಕ್ಕದೊಂದು ಬೋರ್ಡು. (ಚಿಕ್ಕದು ಎಂದರೆ ರಸ್ತೆಯ ಆಚೆ ನಿಂತವರಿಗೆ ಕನ್ನಡಕವಿಲ್ಲದೆ ಓದಲು ಬರುವಷ್ಟು.) ಇಂದೂಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಅದನ್ನು ಸಾವಕಾಶವಾಗಿ ಓದಿ, “ಗುಬ್ಬಿಗೆ ಓದ್ಲಿಕ್ಕೆ ಬರ್ತದೇನ್ರಿ?” ಎಂದು ಕೇಳಿದರು.

ಜಗಳ ಶುರುವಾದದ್ದು ಅಲ್ಲಿಂದ. ಮನುಷ್ಯ ಮಂದಿಗೆ ಒಳ್ಳೆಯದು ಮಾಡುವುದೂ ತನ್ನ ಸಲುವಾಗಿಯೇ ಎಂಬುದು ಇಂದೂಬಾಯಿಯವರ ಸಿದ್ಧಾಂತ. ಅಗರಖೇಡದ ಶಾಲೆಯಲ್ಲಿ ಮೂವತ್ತೆರಡು ವರ್ಷ ನಿಸ್ವಾರ್ಥ ಸೇವೆಯ ಮೇಲೆ ಪ್ರಬಂಧ ಬರೆಸಿದವರು ಅದನ್ನು ಒಪ್ಪುವುದುಂಟೆ? ರಾಯರು ಗೋಡೆಯ ಕಡೆ ಕೈ ಮಾಡಿದರು. ಅಲ್ಲಿ ಗಾಜಿನ ಕಟ್ಟು ಹಾಕಿಸಿದ ಮಾನಪತ್ರವಿತ್ತು. ದಿನಾ ಇಂಡಿಯಿಂದ ಬಸ್ಸಿನಲ್ಲಿ ಬಂದರೂ ಒಂದು ದಿನವೂ ಗಂಟೆಯಾದ ಮೇಲೆ ಶಾಲೆಗೆ ಕಾಲಿಡದ ಗುರುಗಳೆಂದು ಊರವರು ಬೀಳ್ಕೊಡುವಾಗ ಕೊಟ್ಟದ್ದು. ಸುಳ್ಳೇನಲ್ಲ. ರಾಯರ ಕಾಲು ಶಾಲೆಯ ಮೆಟ್ಟಿಲಿಗೆ ತಾಗುವುದಕ್ಕೂ ಗಂಟೆ ಬಾರಿಸುವುದಕ್ಕೂ ಸರಿಯಾಗುತ್ತಿತ್ತು.

“ಇದು ಯಾವ ಸ್ವಾರ್ಥಕ್ಕ ಮಾಡಿದ್ದು?” ಎಂದರು ರಾಯರು.

“ದಿನಾ ಅದರ ಕಾಜಿನ ಮುಂದ ನಿಂತ ತಲಿ ಬಾಚ್ಕೋತೀರಲ್ಲ” ಎಂದರು ಇಂದೂಬಾಯಿ.

ಇದಕ್ಕೆ ಉತ್ತರ ಕೊಡಲೇಬೇಕಿತ್ತು. ಹೇಗೆಂದು ತೋಚಿದ್ದು ಅಧಿಕ ಮಾಸ ಬಂದಾಗ. ಹಿಂದೆಲ್ಲ ಅಧಿಕ ಮಾಸ ಬಂತೆಂದರೆ ರಾಯರ ಅವ್ವ ಮೂವತ್ಮೂರು ಬೇಸನ್ ಉಂಡಿ ಕಟ್ಟಿ, ಒಂದರ ಹೊಟ್ಟೆಯಲ್ಲಿ ಬೆಳ್ಳಿಯದೇನಾದರೂ ಅಡಗಿಸಿ ದಾನ ಮಾಡುತ್ತಿದ್ದಳು. ಅದು ಗುಪ್ತದಾನ. ಕೊಟ್ಟವರು ಹೇಳುವಂತಿಲ್ಲ, ತೆಗೆದುಕೊಂಡವರು ಕೇಳುವಂತಿಲ್ಲ. ಮನೆ ತುಂಬ ತುಪ್ಪದಲ್ಲಿ ಹುರಿದ ಹಿಟ್ಟಿನ ವಾಸನೆ. ಎಂಟು ವರ್ಷದ ಅನಂತ ಒಂದೊಂದೇ ಉಂಡಿಯನ್ನು ಅಂಗೈಯಲ್ಲಿ ತೂಗಿ ನೋಡುವನು, ಅವ್ವ ಬೈಯುತ್ತಲೇ ತಳದಲ್ಲಿ ಉಳಿದ ಹಿಟ್ಟನ್ನು ಅವನ ಬಾಯಿಗೆ ಹಾಕುವಳು. ಅವಳ ಪೂಜೆಯ ಜೋಡಿ ಬೆಳ್ಳಿ ಅಡಿಕೆಗಳಲ್ಲಿ ಒಂದು ಹೀಗೆಯೇ ಯಾರದೋ ಮನೆ ಸೇರಿತ್ತು. ಇನ್ನೊಂದು ದೇವರ ಪೆಟ್ಟಿಗೆಯಲ್ಲಿತ್ತು.

ಇಂದೂಬಾಯಿ ಉಂಡಿ ಕಟ್ಟಿ ಸ್ನಾನಕ್ಕೆ ಹೋದದ್ದೇ ತಡ, ರಾಯರು ಆ ಅಡಿಕೆಯನ್ನು ಒಂದು ಉಂಡಿಯೊಳಗೆ ತುರುಕಿದರು. ಯಾರಿಗೂ ತಿಳಿಯದಂತೆ ಕೊಟ್ಟರೆ ಸ್ವಾರ್ಥ ಎಲ್ಲಿಂದ ಬರಬೇಕು? (ಈ ವಾದದಲ್ಲಿ ಹೆಂಡತಿಯನ್ನು ಗೆಲ್ಲಬೇಕಾದರೆ ಮಾತ್ರ ಕೊಟ್ಟದ್ದನ್ನು ಹೇಳಬೇಕಾಗುತ್ತಿತ್ತು. ಅದನ್ನು ಆಮೇಲೆ ನೋಡಿಕೊಂಡರಾಯಿತು.) ದಾನಕ್ಕೆ ಆರಿಸಿದ್ದು ಧರೆಪ್ಪನನ್ನು, ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದ ಹಳೆಯ ಶಿಪಾಯಿ. ಮರುದಿನವೇ ಬಸ್ಸು ಹತ್ತಿ ಅಗರಖೇಡಕ್ಕೆ ಹೋಗಿ ಡಬ್ಬಿ ಕೊಟ್ಟು ಬಂದರು.

ನಿಸ್ವಾರ್ಥ ಸಮಾಧಾನ ಇಂಡಿ ಮುಟ್ಟುವವರೆಗೂ ಬಾಳಲಿಲ್ಲ. ಅಡಿಕೆ ಸಿಕ್ಕಿತೋ ಇಲ್ಲವೋ? ಸಿಕ್ಕರೆ ಫೋನಾದರೂ ಮಾಡಬಾರದೆ? ಒಂದು ದಿನ ಶಾಲೆಯ ಬೇವಿನ ಮರ ನೋಡುವ ನೆವ, ಮರುದಿನ ಮರೆತ ಕೊಡೆಯ ನೆವ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ರಾಯರು ಧರೆಪ್ಪನ ಕಟ್ಟೆಯ ಮೇಲೆ ಹಾಜರು. ಉಂಡಿ ರುಚಿಯಾಗಿದ್ದವೇ ಎಂದು ಕೇಳುವರು, ಹಲ್ಲು ಹೇಗಿವೆ ಎಂದು ವಿಚಾರಿಸುವರು. ನಾಲ್ಕನೆಯ ದಿನ ತಡೆಯಲಾಗಲಿಲ್ಲ. ಇನ್‌ಸ್ಪೆಕ್ಟರು ಬಂದಾಗ ಹುಡುಗರ ಬಾಯಿಗೆ ಉತ್ತರ ಇಟ್ಟೇ ಪ್ರಶ್ನೆ ಕೇಳುವುದು ಅವರ ಹಳೆಯ ವಿದ್ಯೆ.

“ಉಂಡಿಯೊಳಗ ಏನರ ಗಟ್ಟಿ ಸಿಕ್ತೇನು, ಧರೆಪ್ಪಾ?”

ಧರೆಪ್ಪ ಬಿಸಿಲಿಗೆ ಕೆಂಪಾದ ಗುರುಗಳ ಮುಖವನ್ನು ಒಂದು ಗಳಿಗೆ ನೋಡಿದ. “ಸಿಕ್ತ್ರಿ, ಸರ.”

“ಬೆಳ್ಳೀದು?”

“ಹೌದ್ರಿ, ಬೆಳ್ಳೀದ.”

“ಅಡಿಕಿ?”

“ಅಡಿಕೀನ ಐತ್ರಿ.”

ರಾಯರು ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲೇ ಗುಪ್ತದಾನವನ್ನು ಬಹಿರಂಗಪಡಿಸಿದರು. ಅಳಿದ ಅವ್ವ, ಉಳಿದ ಅಡಿಕೆ, ಧರೆಪ್ಪನ ಕೃತಜ್ಞತೆ, ಒಂದನ್ನೂ ಬಿಡಲಿಲ್ಲ. ಇಂದೂಬಾಯಿ ಎಲ್ಲವನ್ನೂ ಕೇಳಿ, ಒಳಗೆ ಹೋಗಿ, ಕುಂಕುಮದ ಡಬ್ಬಿಯಿಂದ ಬೆಳ್ಳಿ ಅಡಿಕೆಯನ್ನು ತಂದು ಅವರ ಮುಂದಿಟ್ಟರು.

“ಮೂವತ್ತೆರಡು ಉಂಡಿ ಒಂದು ಅಳತಿ, ಒಂದು ಮಾತ್ರ ಬ್ಯಾಲದ ಹಣ್ಣಿನಂಗ ದಪ್ಪ ಇತ್ತು. ಗೊತ್ತಾಗ್ಲಾರದೇನು? ಧರೆಪ್ಪಗ ಇರೋವು ಎರಡು ಹಲ್ಲು ಅಂತ ತೆಗದಿಟ್ಟೆ.” ಆಮೇಲೆ ದನಿ ತಗ್ಗಿತು. “ಹಲ್ಲಿಂದು ಬರೇ ನೆವ. ಅತ್ತಿಯವರು ಕಡೀಗೆ ನನ್ನ ಕೈಯಾಗ ಇಟ್ಟದ್ದು ಇದು. ಕೊಡ್ಲಿಕ್ಕೆ ಮನಸ್ಸಾಗಲಿಲ್ಲ.”

ಮರುದಿನ ಇಂದೂಬಾಯಿಯವರೇ ಅಡಿಕೆಯನ್ನು ಅರಿವೆಯಲ್ಲಿ ಕಟ್ಟಿ, ಸಿಕ್ಕಿತೆಂದು ಧರೆಪ್ಪ ಹೇಳಿದ ಮೇಲೆ ಅವನಿಗೆ ಸಿಗಲೇಬೇಕೆಂದು ರಾಯರನ್ನು ಬಸ್ಸಿಗೆ ಕಳಿಸಿದರು.

ಧರೆಪ್ಪ ಅಡಿಕೆಯನ್ನು ಕಣ್ಣಿಗೆ ಒತ್ತಿಕೊಂಡು ತಿರುಗಿ ಕೊಟ್ಟ. ಹಲ್ಲಿಲ್ಲದವನಿಗೆ ಅಡಿಕೆ ಯಾಕೆ, ಇಂದೂಬಾಯಿಯವರ ಹತ್ತಿರವೇ ಇರಲಿ ಎಂದ. ನನ್ನ ಮನಸ್ಸು ನೋಯಬಾರದೆಂದು ಸುಳ್ಳು ಹೇಳಿದೆಯಾ ಎಂದು ರಾಯರು ಅವನ ಕೈ ಹಿಡಿದು ಕೇಳಿದರು.

“ಅದೂ ಐತ್ರಿ” ಎಂದ ಧರೆಪ್ಪ. “ಆದ್ರ ನಾಕ ದಿನ ಆತು, ಮಧ್ಯಾನದ ನಿದ್ದಿ ಆಗಿಲ್ರಿ ಸರ. ಸಿಕ್ತು ಅಂದ್ರ ಬರೂದು ಬಿಡ್ತೀರಿ ಅಂತ ಹಂಗ ಅಂದೆ.”

ರಾಯರಿಗೆ ಸಿಟ್ಟು ಬಂತು. ಮೂವತ್ತೆರಡು ವರ್ಷ ಜೊತೆಗಿದ್ದವ ತನಗೆ ಸುಳ್ಳು ಹೇಳುವುದೇ ಎಂದರು. ಧರೆಪ್ಪ ತಲೆ ತುರಿಸಿಕೊಂಡು ಶಾಲೆಯ ಕಡೆ ನೋಡಿದ.

“ದಿನಾ ಸುಳ್ಳ ಹೇಳೇನ್ರಿ. ಗಂಟಿಲೆ ಹೇಳೇನಿ. ನಿಮ್ಮ ಬಸ್ಸಿನ ಧೂಳ ಕಾಣೂ ತನಕ ಗಂಟಿ ಬಾರಸ್ತಿದ್ದಿಲ್ರಿ ನಾ. ನೀವು ಮೆಟ್ಟಲಕ್ಕ ಬಂದ ಮ್ಯಾಲೇ ಹೊಡೀತಿದ್ದೆ. ನಿಮ್ಮ ಸಲುವಾಗಿ ಅಷ್ಟ ಅಂತ ತಿಳೀಬ್ಯಾಡ್ರಿ ಮತ್ತ. ನೀವು ಬರೂಕಿಂತ ಮೊದಲ ಗಂಟಿ ಹೊಡದ್ರ ಆ ಏಳನೇ ಕ್ಲಾಸಿನ ಹುಡುಗೂರ್ನ ನಾನ ಹಿಡದ ಕುಂದರ್ಬೇಕಾಗ್ತಿತ್ತು.”

ಯಾರಿಗಾದರೂ ಹೇಳಿದ್ದೀಯಾ ಎಂದು ರಾಯರು ಮೆಲ್ಲಗೆ ಕೇಳಿದರು. ಇಲ್ಲ, ಮನೆಯಲ್ಲೂ ಹೇಳಿಲ್ಲ ಎಂದ ಧರೆಪ್ಪ.

ಹಿಂದಿರುಗುವ ಬಸ್ಸಿನಲ್ಲಿ ರಾಯರು ಕಿಟಕಿಯ ಹೊರಗೆ ಧೂಳನ್ನೇ ನೋಡುತ್ತಿದ್ದರು. ಆ ಶಾಲೆ, ಆ ಗಂಟೆ, ಬಾಗಿಲಲ್ಲಿ ನಿಂತು ದಾರಿ ಕಾಯುತ್ತಿದ್ದ ಆ ಮನುಷ್ಯ, ಎಲ್ಲವೂ ಮತ್ತೆ ಬೇಕೆನಿಸಿತು. ಮನೆಗೆ ಬಂದು ಅಡಿಕೆಯನ್ನು ಹೆಂಡತಿಯ ಕೈಗಿತ್ತು ನಡೆದದ್ದೆಲ್ಲ ಹೇಳಿದರು. ಇಂದೂಬಾಯಿ ನಗಲಿಲ್ಲ. ಗೋಡೆಯ ಮೇಲಿನ ಮಾನಪತ್ರವನ್ನು ತೆಗೆದು, ಧೂಳು ಒರೆಸಿ, ಎರಡೂ ಕೈ ಚಾಚಿ ಅದರ ಅಗಲ ಅಳೆದು ನೋಡಿದರು.

“ಇದು ಧರೆಪ್ಪಂದ ಆತಲ್ಲ” ಎಂದರು. “ಇದನ್ನ ಗುಪ್ತದಾನ ಕೊಡಬೇಕಂದ್ರ ಎಷ್ಟು ದೊಡ್ಡ ಉಂಡಿ ಕಟ್ಟಬೇಕ್ರಿ?”