ದೋಣಿಯಲ್ಲಿ ರದ್ದಾದ ಹುದ್ದೆ

ಇಂದ:
ತಮ್ಮ ಮೂರನೆಯ ಹಾಗೂ ಕೊನೆಯ ಸಂತಾನ,
ಬಸ್ ನಿಲ್ದಾಣದ ಪ್ರಕಟಣೆಗಾರ್ತಿ,
ಹಾಲಿ ಮುಕ್ಕಾಂ: ದ್ವೀಪದ ಅತಿಥಿಗೃಹ, ಅಣ್ಣಂದಿರ ಎರಡು ಕೊಠಡಿಗಳ ನಡುವಿನ ಕೊಠಡಿ.

ಗೆ:
ಮಾತೃಶ್ರೀಯವರು,
ಕುಟುಂಬ ಸಮಾಗಮ ಪ್ರವಾಸದ ಸರ್ವಾಧಿಕಾರಿಗಳು,
ಅದೇ ಅತಿಥಿಗೃಹ, ಸಮುದ್ರ ಕಾಣುವ ಏಕೈಕ ಕೊಠಡಿ.

ವಿಷಯ: ಅಣ್ಣಂದಿರ ನಡುವೆ ಮಾತು ಸಾಗಿಸುವ ಹುದ್ದೆ ರದ್ದಾಗಿರುವುದರಿಂದ, ಅರ್ಜಿದಾರಳನ್ನು ತಂಗಿಯ ಹುದ್ದೆಗೆ ಮರುನೇಮಕ ಮಾಡುವ ಕುರಿತು.

ಉಲ್ಲೇಖ: ನಿನ್ನೆ ಸಂಜೆ ಜೋಲಿಯಲ್ಲಿ ಮಲಗಿಕೊಂಡೇ ತಾವು ಹೊರಡಿಸಿದ ಮೌಖಿಕ ಆದೇಶ: "ಇನ್ನು ನಿಂಗೆ ಆರಾಮ ಬಿಡೇ."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕಾಲಿಗಂಟಿದ ಮರಳನ್ನೂ ತೊಳೆಯದೆ ಕೂತು ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಡ್ರೈವಿಂಗ್ ಶಾಲೆ ನಡೆಸುವ ದೊಡ್ಡಣ್ಣನವರು, ಕನ್ನಡಕದ ಅಂಗಡಿ ಇಟ್ಟಿರುವ ಚಿಕ್ಕಣ್ಣನವರಿಗೆ ಕಾರು ಕಲಿಸಲು ಹೋಗಿ, "ಈ ಜನ್ಮದಲ್ಲಿ ನಿಂಗೆ ಗಾಡಿ ಬರಲ್ಲ" ಎಂದರು. ಅದಕ್ಕೆ ಚಿಕ್ಕಣ್ಣನವರು, "ನಿಂಗೆ ಕಣ್ಣೇ ಕಾಣಲ್ಲ, ನೀನೇನು ಕಲಿಸ್ತೀಯ" ಎಂದರು. ಎರಡೂ ಮಾತು ಗಿರಾಕಿಗಳ ಎದುರಿಗೇ ಆಡಿದ ಕಾರಣ ಇಬ್ಬರಿಗೂ ಮೂಗಿನ ತುದಿಗೆ ಸಿಟ್ಟು ಬಂದು, ಅಂದಿನಿಂದ ಒಂಬತ್ತು ವರ್ಷ ಮಾತು ಬಿಟ್ಟರು. ಮಗಳ ಗಂಟಲು ಗಟ್ಟಿ, ಬಸ್ಸುಗಳೇ ಅವಳ ಮಾತು ಕೇಳುತ್ತವೆ ಎಂಬ ಒಂದೇ ಅರ್ಹತೆಯ ಮೇಲೆ ತಾವು ಅರ್ಜಿದಾರಳನ್ನು ಇಬ್ಬರ ನಡುವೆ ಕೂರಿಸಿದಿರಿ. ಸಂಬಳವಿರಲಿಲ್ಲ, ರಜೆಯಂತೂ ಕೇಳುವುದೇ ಬೇಡ.

೨. ಕೆಲಸದ ಸ್ವರೂಪಕ್ಕೆ ಒಂದು ಮಾದರಿ. ದೊಡ್ಡಣ್ಣನವರು: "ಉಪ್ಪು ಈ ಕಡೆ ತಳ್ಳೋಕೆ ಹೇಳು ಅವನಿಗೆ." ಅರ್ಜಿದಾರಳು: "ಉಪ್ಪು ತಳ್ಳಬೇಕಂತೆ." ಚಿಕ್ಕಣ್ಣನವರು: "ತಳ್ಳಿದೀನಿ ಅಂತ ಹೇಳು." ಅರ್ಜಿದಾರಳು: "ತಳ್ಳಿದಾನಂತೆ." ಉಪ್ಪು ಸಾಗಬೇಕಾದದ್ದು ಒಂದು ಗೇಣು ದೂರ. ಅಷ್ಟರಲ್ಲಿ ಅರ್ಜಿದಾರಳ ತಟ್ಟೆಯಲ್ಲಿದ್ದದ್ದು ತಣ್ಣಗಾಗಿರುತ್ತಿತ್ತು.

೩. ಕಳೆದ ವರ್ಷ ಅರ್ಜಿದಾರಳ ಗಂಟಲಲ್ಲಿ ಗಂಟು ಕಾಣಿಸಿಕೊಂಡು, ಒಂದು ತಿಂಗಳು ತುಟಿ ಪಿಟಕ್ಕೆನ್ನಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಆದ್ದರಿಂದ ಅವಳು ಅಣ್ಣಂದಿರ ಮಾತುಗಳನ್ನು ಹಲಗೆಯ ಮೇಲೆ ಬರೆದು ತೋರಿಸತೊಡಗಿದಳು. ಯಾಕೆ ಬರೀತಿದ್ದೀಯ ಎಂದು ಕೇಳಿದರೆ ಹೇಳೋಣವೆಂದು ಕಾದಳು. ದೊಡ್ಡಣ್ಣನವರು ಕೇಳಲಿಲ್ಲ, "ಅಕ್ಷರ ಸ್ವಲ್ಪ ದೊಡ್ಡದಾಗಿ ಬರಿ" ಎಂದರು. ಅದನ್ನು ಕೇಳಿಸಿಕೊಂಡ ಚಿಕ್ಕಣ್ಣನವರು, "ಕಣ್ಣು ತೋರಿಸ್ಕೋ ಅಂತ ಹೇಳು ಅವನಿಗೆ" ಎಂದರು. ಅರ್ಜಿದಾರಳು ಅದನ್ನೂ ಬರೆದು ತೋರಿಸಿದಳು, ದೊಡ್ಡ ಅಕ್ಷರದಲ್ಲಿ. ಗಂಟು ಈಗಿಲ್ಲ. ಅದು ಇತ್ತೆಂಬುದು ಮನೆಯಲ್ಲಿ ತಮಗೊಬ್ಬರಿಗೇ ಗೊತ್ತು.

೪. ದ್ವೀಪವಾದರೆ ಸಿಟ್ಟು ಮಾಡಿಕೊಂಡು ಎದ್ದು ಹೋಗಲು ಜಾಗವಿರುವುದಿಲ್ಲ ಎಂಬ ತರ್ಕದ ಮೇಲೆ ತಾವು ಎಲ್ಲರನ್ನೂ ಇಲ್ಲಿಗೆ ಎಳೆದು ತಂದಿರಿ. ನಿನ್ನೆ ಬೆಳಿಗ್ಗೆ ಇಬ್ಬರೇ ಕೂರುವ ಪುಟ್ಟ ದೋಣಿಯೊಂದನ್ನು ತೋರಿಸಿ, "ಇಬ್ಬರೂ ಹತ್ತಿ, ಇಲ್ಲಾಂದ್ರೆ ನಾನೇ ಹತ್ತುತೀನಿ" ಎಂದಿರಿ. ತಮಗೆ ಈಜು ಬರುವುದಿಲ್ಲ, ಹಠ ಬರುತ್ತದೆ. ಕಾರಣ, ಇಬ್ಬರೂ ಬಾಯಿ ಮುಚ್ಚಿಕೊಂಡು ಹತ್ತಿದರು.

ಒಬ್ಬರು ಮುಂದಕ್ಕೆ, ಇನ್ನೊಬ್ಬರು ಹಿಂದಕ್ಕೆ ಹುಟ್ಟು ಹಾಕಿದ್ದರಿಂದ ದೋಣಿ ನಿಂತಲ್ಲೇ ಗಿರಗಿರನೆ ತಿರುಗಿತು. ಅಣ್ಣಂದಿರ ನಡುವೆ ಮೊಳದಷ್ಟು ಅಂತರ. ಅರ್ಜಿದಾರಳು ಎಲ್ಲೋ ದಡದಲ್ಲಿ, ಛತ್ರಿಯ ಕೆಳಗೆ. ಆದರೂ ದೊಡ್ಡಣ್ಣನವರು ದಡದತ್ತ ತಿರುಗಿ ಕೂಗಿದರು: "ಏಯ್, ಮುಂದಕ್ಕೆ ಹಾಕು ಅಂತ ಅವನಿಗೆ ಹೇಳೇ!" ಅರ್ಜಿದಾರಳು ನೀರಿಗಿಳಿದು, ನಿಲ್ದಾಣದ ದನಿಯಲ್ಲಿ, "ಮುಂದಕ್ಕೆ ಹಾಕಬೇಕಂತೆ!" ಎಂದು ಕೂಗಿದಳು. "ಹಿಂದಕ್ಕೆ ಹಾಕ್ತಿರೋದು ಅವನೇ ಅಂತ ಹೇಳು!" ಎಂದು ಚಿಕ್ಕಣ್ಣನವರು. ಸುತ್ತಲಿದ್ದ ಪ್ರವಾಸಿಗಳು ಕುರ್ಚಿ ತಿರುಗಿಸಿಕೊಂಡು ಕೂತರು. ಇನ್ನೊಂದು ಸುತ್ತು ಕೂಗುವಷ್ಟರಲ್ಲಿ ಅರ್ಜಿದಾರಳ ಗಂಟಲು ಕೈಕೊಟ್ಟಿತು. ಬಾಯಿ ತೆರೆದರೆ ಬರೀ ಗಾಳಿ.

೫. ದಡದಿಂದ ಉತ್ತರ ಬರಲಿಲ್ಲ, ಬದಲಿಗೆ ಸಮುದ್ರದ ಕಡೆಯಿಂದ ದೊಡ್ಡದೊಂದು ಅಲೆ ಬಂತು. ಗತ್ಯಂತರವಿಲ್ಲದೆ ಚಿಕ್ಕಣ್ಣನವರು ನೇರವಾಗಿ ಕಿರುಚಿದರು: "ಮುಂದಕ್ಕೆ ಹಾಕೋ, ಕತ್ತೆ!" ದೊಡ್ಡಣ್ಣನವರು ಗಕ್ಕನೆ ಅವರತ್ತ ತಿರುಗಿ, "ಯಾರೋ ಕತ್ತೆ?" ಎಂದರು. ಹಾಗೆ ತಿರುಗಿದ್ದರಿಂದ ದೋಣಿ ಮಗುಚಿತು. ನೀರು ಸೊಂಟದಷ್ಟೇ ಇದ್ದರೂ ಇಬ್ಬರೂ ಮುಳುಗಿಹೋಗುವವರಂತೆ ಒಬ್ಬರನ್ನೊಬ್ಬರು ತಬ್ಬಿಕೊಂಡು, ಕೆಮ್ಮಿ, ಉಗುಳಿ, ಕೊನೆಗೆ ಬಿದ್ದು ಬಿದ್ದು ನಕ್ಕರು. ತಾವು ಸೆರಗಿನಲ್ಲಿ ಕಣ್ಣೊರೆಸಿಕೊಂಡಿರಿ. ಅರ್ಜಿದಾರಳೂ ಅತ್ತಳು. ಸಂತೋಷಕ್ಕೇ ಅತ್ತಳು, ಅದರಲ್ಲಿ ಎರಡು ಮಾತಿಲ್ಲ.

೬. ತದನಂತರ ಶುರುವಾದ ಅವರ ಮಾತು ಈ ಅರ್ಜಿ ಬರೆಯುವವರೆಗೂ ನಿಂತಿಲ್ಲ. ಮಧ್ಯಾಹ್ನದ ಊಟಕ್ಕೆ ಅರ್ಜಿದಾರಳು ರೂಢಿಯಂತೆ ನಡುವೆ ಕೂತಳು. ಇನ್ನಾದರೂ ತನ್ನ ಸರದಿ ಬಂತೆಂದು, ಬಿಸಿನೀರು ಕುಡಿದು, ಗಂಟಲು ಸರಿಮಾಡಿಕೊಂಡು, "ಅಣ್ಣಾ, ನಂಗೆ ಹೋದ ವರ್ಷ" ಎಂದು ಶುರು ಮಾಡಿದಳು. ದೊಡ್ಡಣ್ಣನವರು ಅವಳ ಹೆಗಲು ತಟ್ಟಿ, ಬಹಳ ಪ್ರೀತಿಯಿಂದಲೇ, "ಸ್ವಲ್ಪ ಆ ಕಡೆ ಜರುಗಮ್ಮ, ಅವನ ಮುಖ ಕಾಣ್ತಿಲ್ಲ" ಎಂದರು.

ಅರ್ಜಿದಾರಳು ಜರುಗಿದಳು. ಜರುಗುತ್ತಾ ಜರುಗುತ್ತಾ ಮೇಜಿನ ಕೊನೆ ಸೇರಿದಳು. ಊಟ ಆ ದಿನ ಬಿಸಿಯಾಗಿಯೇ ಇತ್ತು. ಒಂಬತ್ತು ವರ್ಷ ದಿನಕ್ಕೆ ನೂರು ಸಲ ಕರೆಯುತ್ತಿದ್ದವರು ಒಮ್ಮೆಯೂ ತನ್ನನ್ನು ಕರೆದಿರಲಿಲ್ಲವೆಂಬುದು ಅವಳಿಗೆ ಆಗ ಹೊಳೆಯಿತು.

ಅಣ್ಣಂದಿರ ಮೇಲೆ ದೂರಿಲ್ಲ. ಹಳೆಯ ಹುದ್ದೆ ಮರಳಿ ಬೇಕೆಂಬ ಆಸೆಯೂ ಖಂಡಿತ ಇಲ್ಲ. ಆದ್ದರಿಂದ, ನಾಳೆ ಹಿಂದಿರುಗುವ ಹಡಗಿನಲ್ಲಿ ಸದರಿ ಅಣ್ಣಂದಿರು ಅರ್ಜಿದಾರಳ ಪಕ್ಕ ಕೂತು, ತಲಾ ಒಂದು ಪ್ರಶ್ನೆ ಕೇಳಬೇಕೆಂದೂ, ಪ್ರಶ್ನೆ ಅರ್ಜಿದಾರಳ ಕುರಿತೇ ಇರಬೇಕೆಂದೂ ತಾವು ಆದೇಶ ಹೊರಡಿಸಬೇಕಾಗಿ ಪ್ರಾರ್ಥನೆ.

ಇಂತಿ, ತಮ್ಮ ವಿಶ್ವಾಸಿ, ಮೇಜಿನ ಕೊನೆಯಿಂದ,
ಮೂರನೆಯವಳು

ಅಡಕಗಳು:
ಅ) ಮಗುಚಿದ ದೋಣಿಯ ಪಕ್ಕ ನಗುತ್ತಿರುವ ಅಣ್ಣಂದಿರ ಫೋಟೊ. ಅಂಚಿನಲ್ಲಿ ಕಾಣುವ ಮೊಣಕೈ ಅರ್ಜಿದಾರಳದ್ದು.
ಆ) ಗಂಟಲು ವೈದ್ಯರ ಚೀಟಿ. ಯಾರೂ ಮುಟ್ಟದ ಕಾರಣ ಹೊಸದರಂತಿದೆ.

ವಿ.ಸೂ.: ಏನು ಕೇಳಬೇಕೆಂದು ಅಣ್ಣಂದಿರಿಗೆ ತೋಚದಿದ್ದಲ್ಲಿ "ಹೇಗಿದೀಯೇ" ಎಂದರೂ ಸಾಕು. ಉತ್ತರ ಸಿದ್ಧವಿದೆ. ಸ್ವಲ್ಪ ಉದ್ದವಿರುವುದರಿಂದ, ಹಡಗನ್ನು ನಿಧಾನವಾಗಿ ಓಡಿಸಲು ಸಂಬಂಧಪಟ್ಟವರಿಗೆ ಸೂಚಿಸತಕ್ಕದ್ದು.