ಪ್ರಳಯಕ್ಕೊಂದು ನಂಬುವಂಥ ಕಾರಣ

ತರೀಕೆರೆಯ ವಕೀಲ ದ್ವಾರಕಾನಾಥಯ್ಯನವರು ಪ್ರಪಂಚವನ್ನು ಪೂರ್ತಿಯಾಗಿ ಹಾಳುಮಾಡಿ ಮುಗಿಸಿದ್ದರು. ಅದು ಹೇಗೆ ಹಾಳಾಯಿತು ಎಂಬುದೊಂದು ಮಾತ್ರ ಅವರಿಗೇ ತಿಳಿದಿರಲಿಲ್ಲ.

ಹಾಳಾದ ಮೇಲಿನ ಭಾಗವೆಲ್ಲ ಸೊಗಸಾಗಿ ಬಂದಿತ್ತು. ಅವರ ಕಾದಂಬರಿಯಲ್ಲಿ ರೈಲುಹಳಿಯ ನಡುವೆ ಲಂಟಾನ ಬೆಳೆದಿತ್ತು. ಎಮ್ಮೆದೊಡ್ಡಿ ಕಾವಲಿನ ಅಮೃತಮಹಲ್ ಹೋರಿಗಳು ಕಚೇರಿಗೆ ನುಗ್ಗಿ ಅಮಲ್ದಾರರ ರುಮಾಲನ್ನು ಮೆಲುಕು ಹಾಕುತ್ತಿದ್ದವು. ಹೆಬ್ಬೆ ಕಾಡಿನ ಹುಲಿಯೊಂದು ಪೇಟೆಗೆ ಬಂದು, ಬೆಲ್ಲದ ಅಂಗಡಿಯ ಗದ್ದುಗೆಯ ಮೇಲೆ ಯಜಮಾನನ ಠೀವಿಯಲ್ಲೇ ಕೂತಿತ್ತು. ಆದರೆ ಇಷ್ಟೆಲ್ಲ ಆದದ್ದು ಯಾತರಿಂದ? ಆ ಜಾಗದಲ್ಲಿ ಬಿಳಿಯ ಹಾಳೆಯಿತ್ತು.

ಭಾನುವಾರ ಸಂಜೆ ತಮ್ಮ ಮನೆಯ ಜಗಲಿಯಲ್ಲಿ ಕಾದಂಬರಿ ಓದುತ್ತೇನೆಂದು ಅವರು ಊರಿಗೆಲ್ಲ ಹೇಳಿಬಿಟ್ಟಿದ್ದರು. ಕೇಳಲು ತೆಂಗಿನ ತೋಟದ ಬಸವರಾಜಪ್ಪ ಬರುವವನಿದ್ದ. ಈ ಬಸವರಾಜಪ್ಪ ಏನನ್ನೂ ನಂಬುವ ಜಾತಕದವನಲ್ಲ. ಊರಿಗೆ ರೈಲು ಬಂದು ಎಷ್ಟೋ ವರ್ಷವಾಗಿದ್ದರೂ, 'ಒಳಗೆಲ್ಲೋ ಎತ್ತು ಕಟ್ಟಿರ್ತಾರೆ' ಎನ್ನುತ್ತಿದ್ದ. ಹಿಂದೊಮ್ಮೆ ವಕೀಲರು ಓದಿದ ಕಥೆಯಲ್ಲಿ ನಾಯಕ ಹೆಬ್ಬೆ ಜಲಪಾತಕ್ಕೆ ಹಾರಿ, ಎದ್ದು, ನೇರವಾಗಿ ಮದುವೆಯ ಹಸೆಗೆ ಹೋಗಿ ಕೂತಿದ್ದ. ಆಗ ಬಸವರಾಜಪ್ಪ ಎದ್ದು, "ಅದೆಂಗೆ ವಕೀಲ್ರೇ, ಪಂಚೆ ನೆನೀಲಿಲ್ವಾ?" ಎಂದು ಒಂದೇ ಮಾತು ಕೇಳಿದ. ಜಗಲಿಗೆ ಜಗಲಿಯೇ ನಕ್ಕಿತು. ಅಂದಿನಿಂದ ದ್ವಾರಕಾನಾಥಯ್ಯನವರು ಕೋರ್ಟಿನ ಮೆಟ್ಟಿಲು ಹತ್ತಿದರೆ ಸಾಕು, ಕಕ್ಷಿಗಾರರ ಕಣ್ಣು ಅವರ ಪಂಚೆಯ ಮೇಲೆ ಬೀಳುತ್ತಿತ್ತು. ಈ ಸಲ ಬಸವರಾಜಪ್ಪ ನಂಬಲೇಬೇಕು. ಇಲ್ಲವಾದರೆ ಅವರು ಲೇಖನಿಯನ್ನೂ ಊರನ್ನೂ ಒಟ್ಟಿಗೇ ಬಿಡಬೇಕಾಗಿತ್ತು.

ಅವರ ಪತ್ನಿ ಶಾರದಾಂಬಾ ಸಾರಿನ ಪುಡಿಗೆಂದು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದರು.

"ಇವಳೇ, ಧೂಮಕೇತು ಬಂದು ಭೂಮಿಗೆ ಬಡೀತು ಅಂತ ಬರೆದ್ರೆ ಹೇಗಿರುತ್ತೆ?"

"ಹೋದ ವರ್ಷ ಬಂದಿತ್ತಲ್ಲ. ಹೇಗೂ ಸಾಯ್ತೀವಿ ಅಂತ ಒಬ್ಬಟ್ಟು ಮಾಡಿಸ್ಕೊಂಡು ತಿಂದ್ರಿ. ನಿಮಗೆ ಬಡಿದದ್ದು ಅಜೀರ್ಣ."

"ಮಹಾಮಾರಿ?"

"ಪ್ಲೇಗು ಬಂದಾಗ ಊರಾಚೆ ಗುಡಿಸಲು ಹಾಕ್ಕೊಂಡಿದ್ವಲ್ಲ, ಮರೆತ್ರಾ? ಅಲ್ಲೂ ನೀವು ಸಾರಿಗೆ ಇಂಗಿಲ್ಲ ಅಂತ ಮುಖ ಊದಿಸ್ಕೊಂಡು ಕೂತಿದ್ರಿ. ಗುಡಿಸಲಲ್ಲೂ ಇಂಗು ಕೇಳೋ ಗಂಡಸ್ರು ಇರೋವರೆಗೂ ಪ್ರಪಂಚ ಮುಳುಗಲ್ಲ ಬಿಡಿ."

"ಹಾಗಾದ್ರೆ ಯುದ್ಧ. ಚಕ್ರವರ್ತಿಗಳಿಗೂ ಚಕ್ರವರ್ತಿಗಳಿಗೂ."

"ಅವರವರು ಹೊಡೆದಾಡ್ಕೊಂಡ್ರೆ ನಮ್ಮ ತರೀಕೆರೆಯಲ್ಲಿ ಯಾಕ್ರೀ ಒಲೆ ಆರುತ್ತೆ?"

ದ್ವಾರಕಾನಾಥಯ್ಯನವರು ವಾದ ಸೋತರು. (ಮನೆಯಲ್ಲಿ ಅವರಿಗೆ ಇದು ಅಭ್ಯಾಸ. ಕೋರ್ಟಿನಲ್ಲೂ ಅಷ್ಟೇನೂ ಹೊಸದಲ್ಲ.)

ಅಷ್ಟರಲ್ಲಿ ಪಕ್ಕದ ಮನೆಯ ಕಾಶಮ್ಮ ಬಟ್ಟಲು ಹಿಡಿದು ಹಿತ್ತಲ ಬಾಗಿಲಿಗೆ ಬಂದಳು. "ಶಾರದಮ್ಮೋರೇ, ಒಸಿ ಹೆಪ್ಪು ಕೊಡಿ. ಮೊಮ್ಮಗ ಗಡಿಗೆ ಬಳಿದು ತಿಂದ್ಬಿಟ್ಟ."

"ದೀಪ ಹಚ್ಚೋಕೆ ಮುಂಚೆ ಬಂದ್ಯಲ್ಲ, ಪುಣ್ಯ. ಹಚ್ಚಿದ್ಮೇಲೆ ಲಕ್ಷ್ಮಿ ಬಂದು ಕೇಳಿದ್ರೂ ಕೊಡ್ತಿರಲಿಲ್ಲ," ಎಂದು ಶಾರದಾಂಬಾ ಒಂದು ಚಮಚ ಮೊಸರು ಹಾಕಿ ಕಳಿಸಿದರು.

ದ್ವಾರಕಾನಾಥಯ್ಯನವರು ಬಿಳಿಯ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಇವತ್ತಿನ ಹಾಲು ಮೊಸರಾಗಬೇಕಾದರೆ ನಿನ್ನೆಯ ಮೊಸರು ಒಂದು ಚಮಚ ಬೇಕು. ನಮ್ಮದು ಮುಗಿದರೆ ಪಕ್ಕದ ಮನೆಯದು, ಅವರದು ಮುಗಿದರೆ ಅದರಾಚೆಯದು. ಒಂದೇ ಒಂದು ಸಂಜೆ ಯಾವ ಮನೆಯಲ್ಲೂ ಹೆಪ್ಪಿಲ್ಲದೆ ಹೋದರೆ? ಅಲ್ಲಿಗೆ ಮೊಸರಿನ ವಂಶವೇ ನಿರ್ವಂಶ.

ಉಳಿದದ್ದು ತಾನಾಗಿ ಹರಿದು ಬಂತು. ಮೊಸರಿಲ್ಲ, ಆದ್ದರಿಂದ ಮಜ್ಜಿಗೆಯಿಲ್ಲ. ಮಜ್ಜಿಗೆಯಿಲ್ಲದೆ ಉತ್ತು ಬಂದವನಿಗೆ ಪಿತ್ತ ಕೆರಳಿತು, ಅವನು ಶಾನುಭೋಗರ ಮೇಲೆ ಕೆರಳಿದ, ಮೊಸರನ್ನ ಕಾಣದ ಶಾನುಭೋಗರು ಖಾತೆ ಹರಿದೆಸೆದರು, ಕಂದಾಯ ನಿಂತಿತು, ಸಂಬಳ ನಿಂತಿತು, ಕೊನೆಗೆ ಡ್ರೈವರು ನಡುದಾರಿಯಲ್ಲಿ ರೈಲು ಬಿಟ್ಟು ಮೊಸರು ಹುಡುಕಿಕೊಂಡು ಲಿಂಗದಹಳ್ಳಿಯ ಕಾಡಿಗೆ ಹೊರಟುಹೋದ. ಸರ್ವನಾಶ.

ಭಾನುವಾರ ಜಗಲಿ ತುಂಬಿ ಬೀದಿಗೆ ಚೆಲ್ಲಿತು. ಶಾರದಾಂಬಾ ಮನೆಯ ಮೊಸರನ್ನೆಲ್ಲ ಕಡೆದು, ಬಂದವರಿಗೆಲ್ಲ ನೀರುಮಜ್ಜಿಗೆ ಕೊಟ್ಟರು. ವಕೀಲರು ಓದಿದರು. ಮಧ್ಯದಲ್ಲಿ ಬಸವರಾಜಪ್ಪ ಎದ್ದ.

"ಅದೆಂಗೆ ವಕೀಲ್ರೇ? ಮೆಣಸಿನಕಾಯಿ ತೊಟ್ಟು ಹಾಕಿದ್ರೂ ಹಾಲು ಹೆಪ್ಪಾಗ್ತದಲ್ಲ."

"ನಾಲ್ಕನೇ ಅಧ್ಯಾಯದಲ್ಲಿ ಮೆಣಸಿನ ಗಿಡಕ್ಕೆ ರೋಗ ಬಂದಿದೆ."

"ಹುಣಸೆಹಣ್ಣು?"

"ಐದನೇ ಅಧ್ಯಾಯ. ಮರ ಎಲ್ಲಾ ಇಂಜಿನ್ನಿಗೆ ಸೌದೆಯಾಯ್ತು."

ಬಸವರಾಜಪ್ಪ ಬಹಳ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಮೆಲ್ಲಗೆ, "ಆಗ್ಬೋದು ಕಣ್ರಪ್ಪಾ. ಇದು ಆಗ್ಬೋದು," ಎಂದು ಹೇಳಿ, ಎಲೆಅಡಿಕೆಯನ್ನೂ ಮುಟ್ಟದೆ ಮನೆಯ ಕಡೆ ನಡೆದ. ಉಳಿದವರೂ ಎದ್ದರು. ಕೆಲವರು ಓಡಿದರು. ಸಾಹಿತ್ಯದಿಂದ ಮನಸ್ಸು ಕಲಕಿದವರು ಓಡುವುದುಂಟು ಎಂದುಕೊಂಡು ವಕೀಲರು ಕಣ್ಣೊರೆಸಿಕೊಂಡರು.

ಮರುದಿನ ಶಾರದಾಂಬಾ ಬಟ್ಟಲು ಹಿಡಿದು ಕಾಶಮ್ಮನ ಮನೆಗೆ ಹೋದರೆ ಬಾಗಿಲು ಒಂದು ಗೇಣಷ್ಟೇ ತೆರೆಯಿತು.

"ಹೆಪ್ಪಾ? ನಮ್ಮನೇಲಿ ಇಲ್ಲ ಕಣ್ರಮ್ಮ."

"ಹಿಂದೆ ಗಡಿಗೆ ಕಾಣ್ತಿದೆಯಲ್ಲೇ."

"ಅದು ಸುಣ್ಣ," ಎಂದಳು ಕಾಶಮ್ಮ. ಬಾಗಿಲು ಮುಚ್ಚಿತು.

ಯಾವ ಮನೆಗೆ ಹೋದರೂ ಸುಣ್ಣವೇ. ಊರಿಗೆ ಊರೇ ಗೋಡೆ ಬಳಿಯಲು ಹೊರಟಂತಿತ್ತು. ಪೇಟೆಯ ಮೆಣಸಿನಕಾಯಿಯೆಲ್ಲ ಬೆಳಗಾಗುವುದರೊಳಗೆ ಖರ್ಚಾಗಿತ್ತು. ಮನೆಯಲ್ಲಿದ್ದದ್ದು ತೊಟ್ಟು ಕಳೆದುಕೊಂಡು ಪುಡಿಯಾಗಿ ಡಬ್ಬ ಸೇರಿತ್ತು. ಹುಣಸೆಹಣ್ಣು ಹಾಕಿದ ಹಾಲು ಒಡೆದು, ಅತ್ತ ಹಾಲೂ ಅಲ್ಲದೆ ಇತ್ತ ಮೊಸರೂ ಅಲ್ಲದೆ, ವಕೀಲರನ್ನೇ ದುರುಗುಟ್ಟಿ ನೋಡಿತು.

ದ್ವಾರಕಾನಾಥಯ್ಯನವರು ತಾವೇ ಬಟ್ಟಲು ಹಿಡಿದು ಹೋದರು. ಬಸವರಾಜಪ್ಪ ದೊಣ್ಣೆಯೊಂದಿಗೆ ತನ್ನ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತಿದ್ದ.

"ಅಯ್ಯಾ ಬಸವರಾಜಪ್ಪ, ಅದು ಬರೀ ಕಥೆ ಕಣಯ್ಯ. ನಾನೇ ಕಟ್ಟಿದ ಸುಳ್ಳು."

"ಹಂಗೇ ಹೇಳ್ಬೇಕು ತಾವು. ಊರು ಹೆದರಬಾರ್ದಲ್ಲ. ದೊಡ್ಡೋರು ನೀವು."

"ಸತ್ಯವಾಗಿ ಸುಳ್ಳಯ್ಯಾ."

"ಮೂರನೇ ಅಧ್ಯಾಯದಲ್ಲಿ ಮೊದಲು ಹಾಳಾದೋನು ಯಾರು ವಕೀಲ್ರೇ? ಕೇಳಿದೋರಿಗೆಲ್ಲ ಹೆಪ್ಪು ಕೊಟ್ಟೋನು. ಎಂಥಾ ಮಾತು ಬರೆದ್ರಿ. ನಮ್ಮ ಕಣ್ಣು ತೆರೆಸಿದ್ರಿ." ಬಸವರಾಜಪ್ಪ ಕೈ ಮುಗಿದ. ದೊಣ್ಣೆಯನ್ನು ಮಾತ್ರ ಕೆಳಗಿಡಲಿಲ್ಲ.

ಹಾಗೆಯೇ ದಿನಗಳು ಕಳೆದವು. ಊರಿನ ಹೆಂಗಸರು ಬಾವಿಕಟ್ಟೆಯಲ್ಲಿ ಮಾತು ಬಿಟ್ಟರು. ಕೆಂಚಪ್ಪ, ಬೀರಪ್ಪ ಎಂಬ ಅಣ್ಣತಮ್ಮಂದಿರು ಮೊಸರಿನ ಗಡಿಗೆಯ ಮೇಲೆ ಭಾಗದ ದಾವೆ ಹೂಡಲು ಹೊರಟರು. ವಕೀಲರು ರಾತ್ರಿಯೂಟವನ್ನು ಸಾರನ್ನದಲ್ಲೇ ಮುಗಿಸಿ, ಏನೋ ಕಳೆದುಕೊಂಡವರ ಹಾಗೆ ಎಲೆಯ ಮುಂದೆ ಕೂತಿರುತ್ತಿದ್ದರು.

"ಪ್ರಪಂಚ ಮುಳುಗಿಸೋಕೆ ಗೊತ್ತಾಯ್ತಲ್ಲ, ಈಗ ಕಡೂರಿಗೆ ಹೋಗಿ ನಮ್ಮಮ್ಮನ ಹತ್ರ ಹೆಪ್ಪು ಇಸ್ಕೊಂಡು ಬನ್ನಿ," ಎಂದರು ಶಾರದಾಂಬಾ.

ಬೀರೂರಿನಲ್ಲಿ ಗಾಡಿ ಬದಲಿಸಿ, ಮಡಿಲಲ್ಲಿ ತಂಬಿಗೆ ಇಟ್ಟುಕೊಂಡು ಅವರು ಕಡೂರು ಸೇರಿದರು. ಅತ್ತೆ ಸುಲೋಚನಮ್ಮ ಆದರದಿಂದ ಎಲೆ ಹಾಕಿ ಅನ್ನ, ಸಾರು ಬಡಿಸಿದರು. ಸಾರು ಮುಗಿಯಿತು. ಅಳಿಯಂದಿರು ಆಸೆಯಿಂದ ಕಾದರು.

"ಮೊಸರು ಮಾತ್ರ ಕೇಳ್ಬೇಡಿ," ಎಂದರು ಅತ್ತೆ. "ನಿಮ್ಮ ಕಡೆ ಹೆಪ್ಪೇ ಸತ್ತುಹೋಯ್ತಂತಲ್ಲ. ಇನ್ನೇನು ಇಲ್ಲಿಗೂ ಬರುತ್ತಂತೆ. ಇದ್ದದ್ದನ್ನೆಲ್ಲ ಬಚ್ಚಿಟ್ಟಿದ್ದೀನಿ."

"ಯಾರು ಹೇಳಿದ್ರು ಅತ್ತೆ?"

"ಕಡೂರಿಗೆ ಕಡೂರೇ ಹೇಳ್ತಿದೆ. ಯಾರೋ ಅದನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟಿದ್ದಾನಂತೆ. ಕೇಳಿದೋರಿಗೆ ಎದೆ ಝಲ್ ಅನ್ನುತ್ತಂತೆ."

ದ್ವಾರಕಾನಾಥಯ್ಯನವರ ಎದೆಯೂ ಝಲ್ ಎಂದಿತು. ಕೀರ್ತಿ ಅವರಿಗಿಂತ ಮೊದಲೇ ರೈಲು ಹತ್ತಿ ಬಂದಿತ್ತು. ಅವರು ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, "ಅತ್ತೆ, ಅದನ್ನ ಬರೆದದ್ದು..." ಎಂದು ಶುರುಮಾಡಿದರು.

"ಅವನೇನಾದ್ರೂ ಕೈಗೆ ಸಿಕ್ರೆ ಅಂತ ನಮ್ಮ ಬೀದಿ ಹೆಂಗಸರೆಲ್ಲ ಒನಕೆ ತೆಗೆದಿಟ್ಟಿದ್ದಾರೆ. ನಂದೂ ಒಂದಿದೆ," ಎಂದರು ಸುಲೋಚನಮ್ಮ. "ನಿಮ್ಮೂರಿನ ವಕೀಲನೇ ಅಂತೆ. ನಿಮಗೆ ಗೊತ್ತಾ ಅವನು?"

ದ್ವಾರಕಾನಾಥಯ್ಯನವರು ಎಲೆ ನೋಡಿದರು.

"ಕೋರ್ಟಿನ ಹತ್ರ ಕಂಡಿದ್ದೀನಿ ಅತ್ತೆ. ಅಷ್ಟು ಒಳ್ಳೆಯವನಲ್ಲ," ಎಂದು ಹೇಳಿ, ಇನ್ನೊಂದು ಸಲ ಸಾರನ್ನೇ ಹಾಕಿಸಿಕೊಂಡರು.